ಗುಡ್ಡವೆಂದು ಬರೆಸಿಕೊಂಡ ಹೊಲ

ಕಲ್ಲಮಡ್ಡಿ, ಶಿಗ್ಗಾವಿ ತಾಲೂಕು
ಬುಧವಾರ, ೧೧ ಜೂನ್ ೨೦೨೫

ಮುದ್ದಿನ ಮಗಳು ಅಂಕಿತಾಗೆ ಅವ್ವನ ನೆನಪುಗಳು.

ಹೇಗಿದ್ದೀ? ಕೊಡಗಿನ ಮಳೆಯಲ್ಲಿ ಅಳತೆಯ ಯಂತ್ರ ಹೊತ್ತು ಗುಡ್ಡ ಹತ್ತಿ ಇಳಿದು ನಿನ್ನ ಹಿಮ್ಮಡಿ ಮತ್ತೆ ನೋಯುತ್ತಿರಬೇಕು. ಸಂಜೆ ರೂಮಿಗೆ ಬಂದ ಮೇಲೆ ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂಡು, ಆ ಮೊಬೈಲನ್ನು ಆಗಲೂ ನೋಡಬಹುದು, ಅದೇನು ಓಡಿಹೋಗುವುದಿಲ್ಲ. ಜಿಗಣೆ ಕಚ್ಚಿದ ಜಾಗವನ್ನು ಕೆರೆಯಬೇಡ. ಅಲ್ಲಿ ಮೂರು ಹೊತ್ತೂ ಅನ್ನ ತಿಂದು ಹೊಟ್ಟೆ ತುಂಬುವುದಿಲ್ಲ ಎಂದು ಹೋದ ವಾರ ಹೇಳಿದೆಯಲ್ಲ, ಅದಕ್ಕೇ ಒಣಗಿಸಿದ ಕಟಿರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಕಟ್ಟಿದ್ದೇನೆ. ಸವಣೂರಿನ ಖಾರಾ ಬೇರೆ ಇದೆ. ಅದನ್ನು ಜೊತೆಯ ಹುಡುಗಿಯರಿಗೆಲ್ಲ ಹಂಚಿ ಕೊನೆಗೆ ನೀನು ಚೀಲ ನೆಕ್ಕುತ್ತ ಕೂಡಬೇಡ. ಖತೀಜಾಬಿಯ ಮಗ ನಾಸೀರ ಶನಿವಾರ ಮೆಣಸಿನಕಾಯಿ ಲಾರಿ ತೆಗೆದುಕೊಂಡು ಮೈಸೂರಿಗೆ ಹೊರಟಿದ್ದಾನೆ. ಅಲ್ಲಿಂದ ಮಡಿಕೇರಿ ಬಸ್ಸಿಗೆ ಹಾಕಿ ನಿನಗೆ ಫೋನು ಮಾಡುತ್ತಾನಂತೆ. ಗಂಟಿನೊಳಗೆ ಈ ಪತ್ರವನ್ನೂ ಇಡುತ್ತೇನೆ.

ದಿನಾ ಫೋನಿನಲ್ಲಿ ಮಾತಾಡುತ್ತೇವಲ್ಲ, ಪತ್ರ ಯಾಕೆ ಎಂದು ನೀನು ಕೇಳುತ್ತೀ. ನಿನ್ನ ಫೋನು ಬಂದರೆ ನಿಮ್ಮಪ್ಪ ಅದನ್ನು ಸ್ಪೀಕರಿಗೆ ಹಾಕಿ ನಡುಮನೆಯಲ್ಲಿಟ್ಟು ಪಕ್ಕದಲ್ಲೇ ಕೂತುಬಿಡುತ್ತಾರೆ. ನಾನು ಹೊಲದ ಮಾತೆತ್ತಿದರೆ ಕಣ್ಣು ಬಿಡುತ್ತಾರೆ. ‘ಆಕೀಗೆ ಹೇಳಬ್ಯಾಡ. ಹೇಳಿದ್ರ ನನ್ನಿಂದ ಹಿಂಗಾತು ಅಂತ ಅಲ್ಲಿ ಅಳಕೋತ ಕುಂದರ್ತಾಳ’ ಎಂದು ತಾಕೀತು ಮಾಡಿದ್ದಾರೆ. ಹೇಳುವುದಿಲ್ಲ ಎಂದು ತಲೆಯಾಡಿಸಿದೆ. ಬರೆಯುವುದಿಲ್ಲ ಎಂದೇನೂ ಹೇಳಿಲ್ಲ. ಇಷ್ಟು ವರ್ಷ ಅಂಗನವಾಡಿಯಲ್ಲಿ ವರದಿ ಬರೆದು ಬರೆದು ನನ್ನ ಕೈಗೆ ಪುಸ್ತಕದ ಕನ್ನಡವೇ ಬರುತ್ತದೆ, ಓದುವಾಗ ನಗಬೇಡ. ನಗುವಂಥ ಸುದ್ದಿಯೂ ಅಲ್ಲ.

ನಮ್ಮ ಗುಡ್ಡದ ಹೊಲದ ಮಣ್ಣು ಹೋಯಿತು, ಅಂಕಿತಾ. ಸುತ್ತು ಬಳಸಿ ಹೇಳಲು ನನಗೆ ಬರುವುದಿಲ್ಲ. ಹೊಲ ಇದೆ, ಮಣ್ಣು ಇಲ್ಲ.

ಮೊದಲಿನಿಂದ ಹೇಳುತ್ತೇನೆ, ಫೋನಿನಲ್ಲಿ ನಿನಗೆ ಅರ್ಧಂಬರ್ಧ ಕೇಳಿರುತ್ತದೆ. ಗುಡ್ಡದ ಮೇಲೆ ಬೇಸಾಯ ಮಾಡುವವರಿಗೆ ಆಸರೆ ಕೊಡುವ ಹೊಸ ಯೋಜನೆಯಲ್ಲಿ ನಮ್ಮ ಊರೂ ಸೇರಿದೆ ಎಂದು ಸಂಕ್ರಾಂತಿಯ ಹೊತ್ತಿಗೆ ಡಂಗುರ ಹೊಡೆಸಿದರು. ಹಾನಗಲ್ಲ, ಹಿರೇಕೆರೂರು ಕಡೆಯ ಗುಡ್ಡದ ಊರುಗಳೂ ಇವೆಯಂತೆ. ನಿಮ್ಮಪ್ಪ ಅವತ್ತು ಹೊಸ ಅಂಗಿ ಹಾಕಿಕೊಂಡು ಪಂಚಾಯಿತಿಗೆ ಹೋಗಿ ಬಂದರು. ಅವರಿಗೆ ಬೇಕಾಗಿದ್ದದ್ದು ರೊಕ್ಕವಲ್ಲ, ಕೈಗಳು. ಮೊಣಕಾಲು ಹಿಡಿದ ಮೇಲೆ ಅವರಿಗೆ ಬುಟ್ಟಿ ಹೊತ್ತು ಹತ್ತಲು ಆಗುವುದಿಲ್ಲ, ದುಡ್ಡು ಕೊಡುತ್ತೇವೆಂದರೂ ಗುಡ್ಡದ ಕೆಲಸಕ್ಕೆ ಯಾರೂ ಬರುವುದಿಲ್ಲ. ಯೋಜನೆಯಲ್ಲಿ ಹೆಸರು ಬಂದರೆ ಪ್ರತಿ ವರ್ಷ ಹೊಲದ ಕಲ್ಲಿನ ಒಡ್ಡು ಸರಿಮಾಡಲು ಸರಕಾರವೇ ಆಳು ಕಳಿಸುತ್ತದೆ, ಬೆಳೆದ ಸಾವೆ ಧಾನ್ಯವನ್ನು ತಾನೇ ಕೊಳ್ಳುತ್ತದೆ. ಇನ್ನೇನು ಬೇಕು ಎಂದರು. ಇಷ್ಟು ವರ್ಷಕ್ಕೆ ಸರಕಾರಕ್ಕೆ ಗುಡ್ಡ ಕಂಡಿತಲ್ಲ ಎಂದು ನಾನೂ ಸಂತೋಷಪಟ್ಟೆ.

ಶಿವರಾತ್ರಿ ಮುಗಿದ ಮೇಲೆ ಅಳೆಯುವ ಹುಡುಗ ಬಂದ. ನಿನ್ನ ಹತ್ತಿರ ಇರುವಂಥದ್ದೇ ಯಂತ್ರ, ನಿನ್ನ ವಯಸ್ಸೇ. ಮೊದಲು ಪಕ್ಕದ ಚನ್ನವೀರಪ್ಪನ ಹೊಲ ಅಳೆದ. ಆ ಮಹಾರಾಯ ತನ್ನ ಒಡ್ಡಿನ ಕಡೆ ತಿರುಗಿ ನೋಡಿ ಎಷ್ಟು ಕಾಲವಾಯಿತೋ. ಕಲ್ಲೆಲ್ಲ ಜಾರಿ, ಹೊಲ ಬೋಳಾಗಿ, ದನವೂ ಅಲ್ಲಿ ನಿಲ್ಲುವುದಿಲ್ಲ. ಅದು ಗುಡ್ಡವೆಂದು ಪಾಸಾಯಿತು. ಆಮೇಲೆ ನಮ್ಮ ಹೊಲಕ್ಕೆ ಬಂದ. ಒಡ್ಡುಗಳ ನಡುವಿನ ಒಂದೊಂದು ಪಟ್ಟಿಯಲ್ಲೂ ನಿಂತು ನೋಡಿ ‘ಅಜ್ಜಾರ, ಇದು ಸಪಾಟ ಐತ್ರಿ. ಇಳಿಜಾರ ಸಾಲೂದಿಲ್ಲ. ಗುಡ್ಡ ಅಂತ ಬರಿಯಾಕ ಬರೂದಿಲ್ರಿ’ ಎಂದ. ನಿಮ್ಮಪ್ಪನಿಗೆ ಅರ್ಥವೇ ಆಗಲಿಲ್ಲ. ನೀರು ಕುಡಿಯಲು ಮೂರು ಕಡೆ ಕೂತು ಹತ್ತುವ ಹೊಲ ಸಪಾಟು ಹೇಗಾಯಿತು ಎಂದು ಕೇಳಿದರು. ಹುಡುಗ ಪಾಪ ನಿಂತ ನೆಲವನ್ನು ತೋರಿಸಿದ. ನೆಲ ಸಪಾಟಾಗಿಯೇ ಇತ್ತು. ಇರದೇ ಏನು? ನಿಮ್ಮ ಮುತ್ತಜ್ಜನಿಂದ ಹಿಡಿದು ಪ್ರತಿ ಬೇಸಿಗೆಯಲ್ಲೂ ಒಡ್ಡಿನ ಬುಡಕ್ಕೆ ಬಂದು ಕೂತ ಮಣ್ಣನ್ನು ಬುಟ್ಟಿಯಲ್ಲಿ ತುಂಬಿ ಪಟ್ಟಿಯ ಮೇಲಿನ ತುದಿಗೆ ಹೊತ್ತು ಹಾಕಿದ್ದಾರೆ, ಒಡ್ಡಿನ ಮೇಲೆ ಒಂದು ವರಸೆ ಕಲ್ಲು ಏರಿಸಿದ್ದಾರೆ. ನಾನು ಮದುವೆಯಾಗಿ ಬಂದ ವರ್ಷ ಹೊತ್ತ ಬುಟ್ಟಿಯಿಂದ ನೆತ್ತಿಯ ಕೂದಲು ಉದುರಿದ್ದು ಮತ್ತೆ ಬರಲಿಲ್ಲ. ದುಡಿದವರ ಹೊಲ ಸಪಾಟು, ದುಡಿಯದವನ ಹೊಲ ಗುಡ್ಡ. ಚನ್ನವೀರಪ್ಪ ಊರೆಲ್ಲ ಮೀಸೆ ತಿರುವಿಕೊಂಡು ಅಡ್ಡಾಡಿದ.

ಯುಗಾದಿಗೆ ನೀನು ಬಂದೆ. ನಿಮ್ಮಪ್ಪ ಹೋಳಿಗೆ ಮುಟ್ಟುವ ಮೊದಲೇ ಇದನ್ನು ಕೇಳಿದರು, ನೀನು ಕಟ್ಟೆಯ ಮೇಲೆ ಸುಣ್ಣದ ಕಡ್ಡಿಯಿಂದ ಮೆಟ್ಟಿಲು ಬರೆದು ತೋರಿಸಿದೆ. ‘ಒಂದು ಒಡ್ಡಿನಿಂದ ಇನ್ನೊಂದು ಒಡ್ಡಿನ ಮಟ ಅಷ್ಟ ಅಳೀತೇವಪಾ, ಇಡೀ ಗುಡ್ಡ ಅಳಿಯೂದಿಲ್ಲ’ ಎಂದೆ. ‘ಮತ್ತ ನಡುವ ಒಡ್ಡ ಇರದಿದ್ರ?’ ಎಂದರು. ನೀನು ನಕ್ಕು ‘ಒಡ್ಡ ಇರದಿದ್ರ ನಮ್ದೂ ಗುಡ್ಡನ ಬಿಡು’ ಎಂದೆ. ನಾನೂ ನಕ್ಕೆ. ಹೋಳಿಗೆಗೆ ತುಪ್ಪ ಹಾಕುತ್ತಿದ್ದೆ, ಅವರು ನಗಲಿಲ್ಲ ಎಂಬುದು ನನ್ನ ಕಣ್ಣಿಗೆ ಬೀಳಲಿಲ್ಲ. ಇದನ್ನು ಓದಿ ಎದೆ ಹಿಡಿದುಕೊಂಡು ಕೂಡಬೇಡ. ಹಬ್ಬದ ದಿನ ಮಗಳು ಅಪ್ಪನ ಜೊತೆ ಆಡಿದ ಮಾತು ಅದು, ಅದಕ್ಕೆ ಯಾರ ತಪ್ಪೂ ಇಲ್ಲ.

ಬಿಟ್ಟುಹೋದ ಹೊಲಗಳನ್ನು ಮಳೆಗಾಲಕ್ಕೆ ಮುಂಚೆ ಇನ್ನೊಮ್ಮೆ ಅಳೆಯುತ್ತೇವೆ ಎಂದು ಆಫೀಸಿನಿಂದ ಹೇಳಿ ಕಳಿಸಿದರು. ಬರುವ ತಾರೀಖನ್ನೂ ಕೊಟ್ಟರು. ಮರುದಿನ ಬೆಳಿಗ್ಗೆ ನಿಮ್ಮಪ್ಪ ಹಾರೆ ಹೆಗಲಿಗಿಟ್ಟುಕೊಂಡು ಹೊರಟರು. ಒಡ್ಡು ಸರಿಮಾಡಲು ಎಂದುಕೊಂಡು ನಾನು ಬುತ್ತಿ ಕಟ್ಟಿಕೊಟ್ಟೆ. ಮಧ್ಯಾಹ್ನ ಮಜ್ಜಿಗೆ ಒಯ್ದಾಗ ನೋಡಿದರೆ ನಡುವಿನ ಒಡ್ಡಿನ ಕಲ್ಲು ಕಿತ್ತು ಕಿತ್ತು ಅಂಚಿಗೆ ಜೋಡಿಸುತ್ತಿದ್ದಾರೆ. ನನಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದೆಲ್ಲ ಅಂದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಬುದ್ಧಿ ನಿಮ್ಮದು ಎಂದೆ. ಅವರು ಸಿಟ್ಟಾಗಲಿಲ್ಲ. ‘ಎಂಟ ದಿವಸದ ಮಾತು. ಅವ್ರು ಬಂದು ಅಳದು ಹೋಗಲಿ, ಇದ ಕಲ್ಲು ಇದ ಜಾಗಾದಾಗ ಇಡ್ತೇನಿ. ಆಮ್ಯಾಲ ಆಳೂ ಬರ್ತಾವ’ ಎಂದರು. ಮೇಲಿನ ವರಸೆ, ಕೆಳಗಿನ ವರಸೆ ಎಂದು ಬೇರೆ ಬೇರೆ ಗುಡ್ಡೆ ಹಾಕಿ, ಒಡ್ಡಿನ ಮಣ್ಣನ್ನು ಕುಂಟೆ ಹೊಡೆದು ಇಳಿಜಾರಿಗೆ ಸರಿಮಾಡಿದರು. ಒಡ್ಡು ಉಳಿಸಿಕೊಳ್ಳಲೆಂದೇ ಒಡ್ಡು ಕೀಳುತ್ತಿದ್ದ ಮನುಷ್ಯನಿಗೆ ನಾನು ಏನು ಹೇಳಬೇಕಿತ್ತು? ಕೊನೆಗೆ ನಾನೂ ಸೆರಗು ಕಟ್ಟಿ ಕಲ್ಲು ಎತ್ತಿಕೊಟ್ಟೆ, ಬೇಗ ಮುಗಿಯಲಿ ಎಂದು.

ಕೊಟ್ಟ ತಾರೀಖಿಗೆ ಅವರು ಬರಲಿಲ್ಲ. ಫೋನು ಮಾಡಿದರೆ ಗಾಡಿ ಇಲ್ಲ ಎಂದರು. ಆಮೇಲೆ ಹುಡುಗ ತರಬೇತಿಗೆ ಹೋಗಿದ್ದಾನೆ ಎಂದರು. ಯಾರೂ ಸಿಡುಕಲಿಲ್ಲ, ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿದರು, ಅದೇ ದೊಡ್ಡ ತೊಂದರೆ, ಜಗಳ ಮಾಡಲೂ ಆಗಲಿಲ್ಲ. ಕಲ್ಲು ಇಟ್ಟುಬಿಡೋಣ ಎಂದು ನಾನು ದಿನಾ ಅಂದೆ. ನಾಳೆ ಬಂದರೆ, ನಾಳೆ ಬಂದರೆ ಎಂದು ಅವರು ದಿನಾ ಮುಗಿಲು ನೋಡಿದರು.

ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎನ್ನುತ್ತಾರೆ. ಆ ಮಳೆಯೇ ಬಂತು. ಸಂಜೆ ನಾಲ್ಕರ ಹೊತ್ತಿಗೆ ಹುಲಗೂರಿನ ಕಡೆಯಿಂದ ಕಪ್ಪಾಗಿ ಎದ್ದು, ನಾವು ಗುಡ್ಡ ಹತ್ತುವಷ್ಟರಲ್ಲಿ ಸುರಿಯಿತು. ನಿಮ್ಮಪ್ಪ ತಲೆಗೆ ಗೋಣಿಚೀಲ ಹಾಕಿಕೊಂಡು ಗುಡ್ಡೆಯ ಕಲ್ಲು ತಂದು ತಂದು ಇಡುತ್ತಿದ್ದರು, ಇಟ್ಟ ಕಲ್ಲನ್ನು ನೀರು ಎತ್ತಿಕೊಂಡು ಹೋಗುತ್ತಿತ್ತು. ನಾನು ಕೈಯಿಂದ ಮಣ್ಣು ತಡೆದೆ. ನೀನೇ ಯೋಚಿಸು, ಎರಡು ಕೈಯಲ್ಲಿ ಎಷ್ಟು ಮಣ್ಣು ನಿಲ್ಲುತ್ತದೆ. ಮೇಲಿನ ಪಟ್ಟಿಯ ನೀರು ನಡುವಿನದಕ್ಕೆ, ನಡುವಿನದು ಕೆಳಗಿನದಕ್ಕೆ ಧುಮುಕಿ, ಹೊಲದ ನಡುವೆ ನಾನು ಸೊಂಟದವರೆಗೆ ಇಳಿದು ನಿಲ್ಲುವಷ್ಟು ಕೊರಕಲು ಬಿತ್ತು. ಕೊನೆಗೆ ನಿಮ್ಮಪ್ಪ ಕಲ್ಲು ಕೆಳಗಿಟ್ಟು ಸುಮ್ಮನೆ ನಿಂತರು. ನಾನು ಅವರ ರಟ್ಟೆ ಹಿಡಿದುಕೊಂಡೆ. ಇಬ್ಬರೂ ನೋಡುತ್ತ ನಿಂತೆವು, ಮತ್ತೇನು ಮಾಡುವುದು.

ಬೆಳಿಗ್ಗೆ ಖತೀಜಾಬಿ ಬಂದಳು. ಗುಡ್ಡದ ಬುಡದಲ್ಲಿ ಅವಳ ಹೊಲ, ಹಾಕಿದ್ದ ಮೆಣಸಿನ ಸಸಿಯೆಲ್ಲ ನಮ್ಮ ಮಣ್ಣು ಕಲ್ಲಿನಡಿ ಮುಚ್ಚಿಹೋಗಿತ್ತು. ಬೈಯಲಿ ಎಂದು ಬಾಗಿಲಲ್ಲಿ ನಿಂತೆ. ಅವಳು ಬೈಯಲಿಲ್ಲ. ‘ಅಕ್ಕಾರ, ನಿಮ್ಮ ಮಣ್ಣು ನಮ್ಮ ಹೊಲದಾಗ ಬಂದು ಕುಂತೈತ್ರಿ. ಯಾವಾಗ ಒಯ್ತೀರಿ ಒಯ್ರಿ, ನಾ ಬ್ಯಾಡ ಅನ್ನೂದಿಲ್ಲ’ ಎಂದಳು. ನಾನು ಅವಳ ಕೈ ಹಿಡಿದು ಅತ್ತೆ. ಯಾರು ಒಯ್ಯಬೇಕು ಅದನ್ನು? ಗರಸು, ಕಲ್ಲು, ಕೆಸರು ಎಲ್ಲ ಕಲೆತುಹೋಗಿದೆ. ಮೂರು ತಲೆಮಾರು ಹೊತ್ತದ್ದನ್ನು ಮೊಣಕಾಲಿಲ್ಲದ ಮುದುಕನಿಗೆ, ನೆತ್ತಿಯಲ್ಲಿ ಕೂದಲಿಲ್ಲದ ಮುದುಕಿಗೆ ಮತ್ತೆ ಹೊರಲು ಆಗುತ್ತದೆಯೇ.

ಶಿಗ್ಗಾವಿಯ ಆಫೀಸಿಗೆ ಹೋಗಿ ಬಂದೆವು. ಸಾಹೇಬರು ಕುರ್ಚಿ ಹಾಕಿಸಿ ಚಹಾ ತರಿಸಿದರು, ಎಲ್ಲ ಕೇಳಿಸಿಕೊಂಡರು. ‘ನೀವು ಹೇಳೂದು ಖರೆ ಐತ್ರಿ. ಆದ್ರ ನಿಯಮದಾಗ ಇಳಿಜಾರಿಗೆ ಐತಿ, ಒಡ್ಡು ಹಾಕಿ ಸಪಾಟ ಮಾಡಿದವ್ರಿಗೆ ಏನೂ ಇಲ್ರಿ. ಮ್ಯಾಲ ಬರದೇನಿ’ ಎಂದರು. ಮೇಲೆ ಯಾರಿದ್ದಾರೋ, ಅವರು ಯಾವಾಗ ಓದುತ್ತಾರೋ. ನಾನು ಯಾರ ಮೇಲೆ ಸಿಟ್ಟಾಗಲಿ ಹೇಳು. ನಿಯಮ ಬರೆದವರು ಗುಡ್ಡದವರಿಗೆ ಒಳ್ಳೆಯದಾಗಲೆಂದೇ ಬರೆದಿದ್ದಾರೆ. ಅಳೆಯಲು ಬಂದ ಹುಡುಗ ನಿನ್ನ ಹಾಗೆಯೇ ಯಾರದೋ ಮನೆಯ ಮಗ. ಚನ್ನವೀರಪ್ಪನ ಮೇಲೆ ಸಿಟ್ಟು ಮಾಡೋಣವೆಂದರೆ ಅವನೂ ಬಂದು ನಮ್ಮ ಕೊರಕಲು ನೋಡಿ ಟವೆಲ್ಲಿನಿಂದ ಮೂಗು ಒರೆಸಿಕೊಂಡ. ಒಲೆಯ ಮುಂದೆ ಕೂತು ಒಬ್ಬಳೇ ಬೈಯುತ್ತೇನೆ, ಯಾರನ್ನು ಎಂದು ನನಗೇ ತಿಳಿಯುವುದಿಲ್ಲ.

ನಿಮ್ಮಪ್ಪ ಆರಾಮಾಗಿದ್ದಾರೆ, ಅಂದರೆ ಉಣ್ಣುತ್ತಾರೆ, ಮಲಗುತ್ತಾರೆ. ಗುಡ್ಡದ ಕಡೆ ಮುಖ ಮಾಡುವುದಿಲ್ಲ. ಬಿತ್ತನೆಯ ಮಿರಗ ಮಳೆ ಹಿಡಿದಿದೆ, ಊರೆಲ್ಲ ಕೂರಿಗೆ ಹೂಡಿದೆ, ಇವರು ಎತ್ತಿನ ಮೈ ತಿಕ್ಕುತ್ತ ಕೂತಿರುತ್ತಾರೆ. ನೀನು ಫೋನು ಮಾಡಿದಾಗ ಏನೂ ಗೊತ್ತಿಲ್ಲದವಳ ಹಾಗೆ ಮಾತಾಡು. ಅವರ ಮೊಣಕಾಲಿನ ಬಗ್ಗೆ ಕೇಳು, ಎತ್ತಿನ ಬಗ್ಗೆ ಕೇಳು, ಸಾವೆ ಬಿತ್ತಿದಿರಾ ಎಂದು ಮಾತ್ರ ಕೇಳಬೇಡ. ರಜೆ ಸಿಕ್ಕರೆ ಬಾ, ಸಿಗದಿದ್ದರೆ ಓಡಿ ಬರಬೇಡ, ಬಂದು ನೀನೂ ನಮ್ಮ ಜೊತೆ ನೋಡುತ್ತ ನಿಲ್ಲಬೇಕಷ್ಟೆ.

ನಿನ್ನ ಕಾಲು ಗಟ್ಟಿಯಾಗಿರಲಿ, ನೀನು ಹತ್ತಿದ ಗುಡ್ಡ ನಿನ್ನನ್ನು ಸುಖವಾಗಿ ಇಳಿಸಲಿ. ಊರಿನ ಬಸವಣ್ಣನ ವಿಭೂತಿ ಖಾರಾದ ಪೊಟ್ಟಣದಲ್ಲಿದೆ, ಹಚ್ಚಿಕೋ. ಖತೀಜಾಬಿ ಸಲಾಮು ಹೇಳಿದ್ದಾಳೆ.

ನಿನ್ನ ಅವ್ವ,
ಸರೋಜಾ

ತಾ.ಕ.: ಶನಿವಾರ ಬೆಳಿಗ್ಗೆ. ನಾಸೀರ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನೆ ಅಳೆಯುವ ಹುಡುಗ ಬಂದಿದ್ದ. ಕೊರಕಲಿನ ಆಚೆ ಈಚೆ ಯಂತ್ರ ಹಿಡಿದು ನೋಡಿ ‘ಈಗ ಬರೋಬ್ಬರಿ ಐತ್ರಿ ಅಜ್ಜಾರ’ ಎಂದು ಸಂತೋಷದಿಂದ ಹೇಳಿದ. ನಮ್ಮ ಹೊಲ ಗುಡ್ಡವೆಂದು ಸೇರಿತು. ಒಡ್ಡು ಹಾಕಲು ಬರುವ ವರ್ಷ ಆಳು ಬರುತ್ತಾರಂತೆ. ನಿಮ್ಮಪ್ಪ ಅವನಿಗೆ ಮಜ್ಜಿಗೆ ಕುಡಿಸಿ, ದಾರಿಯವರೆಗೆ ಕಳಿಸಿ ಬಂದರು. ನಾನು ಈ ಗಂಟು ಕಟ್ಟುತ್ತಿದ್ದಾಗ ಅವರು ಪಕ್ಕಕ್ಕೆ ಬಂದು, ಪತ್ರ ಬರೆದದ್ದು ತಿಳಿದವರ ಹಾಗೆ, ‘ಆಕೀಗೆ ಒಂದು ಮಾತು ಕೇಳು. ಗುಡ್ಡ ಅಳಿಯಾಕಿ, ಓದಿದಾಕಿ, ಗೊತ್ತಿರತೈತಿ. ಬರೇ ಕಲ್ಲಿನ ಮ್ಯಾಲ ಏನ ಬಿತ್ತಿದ್ರ ಬರತೈತಿ?’ ಎಂದರು. ನಗುತ್ತ ಕೇಳಿದರು ಎಂದುಕೊಂಡು ಮುಖ ನೋಡಿದೆ. ನಗುತ್ತಿರಲಿಲ್ಲ, ಅಂಕಿತಾ. ನಿಜವಾಗಿಯೇ ಕೇಳಿದರು. ಏನಾದರೂ ಒಂದು ಬೆಳೆಯ ಹೆಸರು ಹೇಳು. ಸುಳ್ಳಾದರೂ ಪರವಾಗಿಲ್ಲ.