ಗಂಡಾದರೂ ಕೋವಿ ಹಾರಿಸಬೇಡಿ

ಕಕ್ಕಬೆ
೧೪-೯-೧೯೫೫

ಮಗಳು ಪೊನ್ನಮ್ಮನಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಏನಾದರೊಂದು ನೆಪ ಹುಡುಕಿ ಎದ್ದುಬಿಟ್ಟೆ, ಸಿಟ್ಟಾಗಬೇಡ. ‘ಹೆರಿಗೆಗೆ ಅಮ್ಮತ್ತಿಯ ಗಂಡನ ಮನೆಯಲ್ಲೇ ಇರು, ಇಲ್ಲಿಗೆ ಬರಬೇಡ’ ಎಂದು ಬರೆದದ್ದಕ್ಕೆ ಎರಡು ದಿನ ಊಟ ಬಿಟ್ಟೆಯಂತೆ. ಚೊಚ್ಚಲ ಬಸುರಿ ಊಟ ಬಿಡುವುದುಂಟೇ? ಹಟದಲ್ಲಿ ನೀನು ನನ್ನ ಮಗಳೇ, ಅನುಮಾನವಿಲ್ಲ.

ನಿನ್ನ ಮೇಲೆ ನನಗೆ ಮುನಿಸಿಲ್ಲ. ಮನೆಯ ಮೇಲೆ ಗುಡ್ಡ ಜರಿದು ನಿನ್ನ ಅವ್ವ ಹೋಗಿ ಐದು ವರ್ಷವಾಯಿತು, ನಾನಿನ್ನೂ ಸರಿಯಾಗಿಲ್ಲ. ಮಣ್ಣಲ್ಲಿ ಹೂತಿದ್ದ ಎಡಗಾಲು ಚಳಿಗೆ ಮರಗಟ್ಟುತ್ತದೆ. ಅದನ್ನು ಎಳೆದುಕೊಂಡಾದರೂ ತೋಟ ಸುತ್ತುತ್ತೇನೆ. ಸದ್ದು ಮಾತ್ರ ತಡೆಯಲಾರೆ. ಹೋದ ಹುತ್ತರಿ ಹಬ್ಬದಲ್ಲಿ ಕದಿರು ತೆಗೆಯುವಾಗ ಕೋವಿ ಹಾರಿಸಿದರಲ್ಲ, ಊರವರೆಲ್ಲರ ಎದುರು ಗದ್ದೆಯಲ್ಲಿ ಕವುಚಿ ಬಿದ್ದು ತಲೆ ಮುಚ್ಚಿಕೊಂಡೆ. ನಿನ್ನ ಚಿಕ್ಕಮ್ಮ ತಂಗಮ್ಮ, “ಎಂತ ಆಗ್ಲಿಲ್ಲ ಭಾವ, ಏಳಿ” ಎಂದು ಕೈಹಿಡಿದು ಎಬ್ಬಿಸಿದಳು. ಕೆಳಗಿನ ಮನೆಯ ಕುಶಾಲಪ್ಪ, “ಬರ್ಮಾದಲ್ಲಿ ಯುದ್ಧ ಮಾಡಿದ ಹವಾಲ್ದಾರ್ರನ್ನ ನೋಡಿ!” ಎಂದು ನಗಾಡಿದ.

ಮಡಿಕೇರಿಯ ಡಾಕ್ಟರು ಎದೆ, ಕಿವಿ ಎಲ್ಲ ನೋಡಿ, “ಎಂತದೂ ಇಲ್ಲ, ಟಾನಿಕ್ ಕುಡೀರಿ” ಎಂದರು. ಕುಡಿಯುತ್ತಿದ್ದೇನೆ. ಬಾಯಿ ಕಹಿಯಾದದ್ದೇ ಲಾಭ.

ನಿನಗೆ ಗಂಡು ಹುಟ್ಟಿದರೆ ಪದ್ಧತಿಯಂತೆ ನಮ್ಮ ಅಂಗಳದಲ್ಲಿ ಕೋವಿ ಹಾರಬೇಕು. ಅದಕ್ಕೆ ಹೆದರಿಯೇ ಬರಬೇಡ ಎಂದದ್ದು. ತಾಯಿಯಿಲ್ಲದ ಮಗಳಿಗೆ ತವರನ್ನೂ ಇಲ್ಲದಂತೆ ಮಾಡಿದೆನಲ್ಲ ಎಂದು ನಾಚಿಕೆಯಾಗುತ್ತದೆ. ಮುಂದಿನ ವಾರವೇ ಬಾ. ಗಂಡಾದರೂ, ಹೆಣ್ಣು ಹುಟ್ಟಿದಾಗ ಬಡಿಯುವ ಹಾಗೆ ಕಂಚಿನ ತಟ್ಟೆಯನ್ನೇ ಬಡಿಯೋಣ. ನಗುವವರು ನಗಲಿ. ಅಳಿಯಂದಿರನ್ನು ನೀನೇ ಒಪ್ಪಿಸು.

ಕಾವೇರಮ್ಮ ನಿನ್ನನ್ನೂ ಹೊಟ್ಟೆಯಲ್ಲಿರುವ ಕೂಸನ್ನೂ ಸುಖವಾಗಿಡಲಿ.

ನಿನ್ನ ಅಪ್ಪ,
ಬೆಳ್ಳಿಯಪ್ಪ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಯಾರಿಗೂ ಹೇಳದ ಒಂದು ಮಾತಿದೆ. ಅದನ್ನು ನಿನಗೆ ಹೇಳದೆ ಬಾ ಎನ್ನಲು ನನಗೆ ಮುಖವಿಲ್ಲ. ಓದಿದ ಮೇಲೂ ಮನಸ್ಸಿದ್ದರೆ ಬಾ.

ಗುಡ್ಡ ಜರಿದ ದಿನ ಮೊದಲು ಒಂದೇ ಸದ್ದು ಬಂದದ್ದು. ನಿನ್ನ ಅವ್ವ ರೊಟ್ಟಿ ತಟ್ಟುವುದನ್ನು ಬಿಟ್ಟು, “ಗುಡ್ಡೆಯ ಸದ್ದು, ಹೊರಗೆ ಹೋಗುವ” ಎಂದಳು. ನಾನು, “ಕೋವಿ ಮಾರಾಯ್ತಿ. ಕುಶಾಲಪ್ಪನಿಗೆ ಗಂಡು ಹುಟ್ಟಿರ್ಬೇಕು, ನೀ ಕೂತ್ಕೋ” ಎಂದೆ. ಕೋವಿಯ ಸದ್ದು ಒಂದಾದರೆ ಹುಟ್ಟು, ಎರಡಾದರೆ ಸಾವು ತಾನೆ? ಎರಡನೆಯದು ಬರುತ್ತದೆಯೋ ಎಂದು ಕೇಳಲು ನಾನೊಬ್ಬನೇ ಅಂಗಳಕ್ಕೆ ಇಳಿದೆ. ಬಂತು. ನಿನ್ನ ಅವ್ವ ನನ್ನ ಮಾತು ನಂಬಿ ಒಳಗೇ ಕೂತಿದ್ದಳು.