ಗೋಡೆ ಮೇಲಿನ ಕಣ್ಣು

ಸಂತೇಬೆನ್ನೂರು
೧೧-೨-೧೯೭೯, ಭಾನುವಾರ

ಚಿ. ನಿರ್ಮಲಾಳಿಗೆ ಅಪ್ಪನ ಆಶೀರ್ವಾದಗಳು.

ಸಂಕ್ರಾಂತಿಗೆ ನೀನು ಜಗಳೂರಿನಿಂದ ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಬೈದುಬಿಡು. ನಿನ್ನ ಅವ್ವ ದಿನಾ ಬೈಯುತ್ತಾಳೆ, ಇನ್ನೊಬ್ಬರು ಸೇರಿಕೊಂಡರೆ ನನಗೇನೂ ಭಾರವಲ್ಲ. ಇಲ್ಲಿ ಎಲ್ಲರೂ ಆರಾಮ. ಅವ್ವನ ಮಂಡಿನೋವು ಮೆಟ್ಟಿಲು ಕಂಡರೆ ಬರುತ್ತದೆ, ಮದುವೆ ಮನೆ ಕಂಡರೆ ಹೋಗುತ್ತದೆ. ನಾನು ಮಾತ್ರ ಹದಿನೈದು ದಿನದಿಂದ ಊರವರ ಬಾಯಿಗೆ ಬಿದ್ದಿದ್ದೇನೆ. ಯಾಕೆಂದು ಹೇಳುತ್ತೇನೆ, ನಗಬೇಡ.

ಹತ್ತನೇ ಕ್ಲಾಸಿಗೆ ಬೆಳಕಿನ ಪಾಠ ಬಂತೆಂದರೆ ನಿನ್ನಪ್ಪನಿಗೆ ಹುಚ್ಚು ಹಿಡಿಯುತ್ತದೆಂದು ನಿನಗೆ ಗೊತ್ತೇ ಇದೆ. ಬೋರ್ಡಿನ ಮೇಲೆ ಒಂದು ಗೀಟು ಎಳೆದು ‘ಇದು ಕಿರಣ’ ಎಂದರೆ ಯಾವ ಮಗು ನಂಬುತ್ತದೆ? ಆದರೆ ಪ್ರಯೋಗದ ಸಾಮಾನಿನ ಕಪಾಟಿನ ಬೀಗದ ಕೈ ಹೆಡ್‌ಮಾಸ್ಟರ ಜೇಬಿನಲ್ಲಿ. “ಒಡೆದರೆ ಯಾರ್ರೀ ಜವಾಬ್ದಾರಿ?” ಎಂದು ಆರು ವರ್ಷದಿಂದ ಅದನ್ನು ತೆರೆದೇ ಇಲ್ಲ. ಹಾಳಾಗಿ ಹೋಗಲಿ ಎಂದು ರಟ್ಟಿಗೆ ತೂತು ಹಾಕಿ, ಮೇಣದಬತ್ತಿ ಹಚ್ಚಿ, ಬೆಳಕು ನೆಟ್ಟಗೆ ಹೋಗುವುದನ್ನು ತೋರಿಸಿದೆ. ಅಂಗಳದಲ್ಲಿ ಕೋಲು ನೆಟ್ಟು ಗಂಟೆಗೊಮ್ಮೆ ನೆರಳು ಅಳೆಸಿದೆ. ಆಮೇಲೆ ಕ್ಷೌರದಂಗಡಿ ಮಾರಪ್ಪನ ಹತ್ತಿರ ಒಡೆದ ಕನ್ನಡಿ ಬೇಡಿ ತಂದು, ಉದ್ದನೆಯ ರಟ್ಟಿನ ಡಬ್ಬಿಯ ಮೇಲೊಂದು ಕೆಳಗೊಂದು ತುಂಡು ಓರೆಯಾಗಿ ಕೂರಿಸಿ ಪೆರಿಸ್ಕೋಪ್ ಮಾಡಿಸಿದೆ. ಗೋಡೆಯ ಈಚೆ ಕೂತು ಆಚೆ ಇರುವುದನ್ನು ನೋಡಬಹುದು. ಹೆಡ್‌ಮಾಸ್ಟರು ಕಾಂಪೌಂಡಿನ ಹಿಂದೆ ಬೀಡಿ ಸೇದುವುದು ಕಂಡ ದಿನದಿಂದ ಮಕ್ಕಳಿಗೆ ವಿಜ್ಞಾನದಲ್ಲಿ ಬಹಳ ಆಸಕ್ತಿ ಬಂದಿದೆ.

ಎಲ್ಲರಿಗಿಂತ ಅಚ್ಚುಕಟ್ಟಾಗಿ ಮಾಡಿದವಳು ಕೊಟ್ರಮ್ಮ. ಅಡಿಕೆ ವ್ಯಾಪಾರದ ಜಯದೇವಪ್ಪನ ಮಗಳು, ಹದಿನೇಳು ವರ್ಷ, ಲೆಕ್ಕದಲ್ಲಿ ನನ್ನನ್ನೇ ತಿದ್ದುವ ಹುಡುಗಿ. “ಸಾರ್, ಮನೀಗೆ ಒಯ್ಲಾ?” ಎಂದಳು. “ಒಯ್ಯಮ್ಮ, ಮನೆಯವರಿಗೂ ತೋರಿಸು” ಎಂದೆ. ಮಾರನೇ ದಿನವೇ ಅವಳನ್ನು ನೋಡಲು ಹೊನ್ನಾಳಿಯಿಂದ ಗಂಡಿನವರು ಬರುತ್ತಾರೆಂದು ನನಗೇನು ಕನಸು ಬಿದ್ದಿತ್ತೇ! ಒಪ್ಪಿಗೆಯಾದರೆ ಹದಿನೈದು ದಿನದಲ್ಲಿ ಲಗ್ನ, ಪರೀಕ್ಷೆಗೆ ಕೂರುವುದು ಬೇಡ ಎಂದು ಜಯದೇವಪ್ಪ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದ.

ನಮ್ಮ ಕಡೆಯ ಪದ್ಧತಿ ನಿನಗೆ ಹೇಳಬೇಕಿಲ್ಲ. ಕರೆಯುವ ತನಕ ಹೆಣ್ಣು ಅಡುಗೆಮನೆಯಲ್ಲಿರಬೇಕು, ಕರೆದ ಮೇಲೆ ತಟ್ಟೆ ಹಿಡಿದು ತಲೆ ಬಗ್ಗಿಸಿಕೊಂಡು ಬರಬೇಕು. ಗಂಡು ಹೇಗಿದ್ದಾನೆಂದು ಮನೆಮಂದಿಗೆಲ್ಲ ಗೊತ್ತಾಗುತ್ತದೆ, ಅವಳಿಗೆ ಅವನ ಕಾಲಿನ ಹೆಬ್ಬೆರಳು ಮಾತ್ರ ಗೊತ್ತಾಗುತ್ತದೆ. ಆ ಮನೆಯಲ್ಲಿ ಅಡುಗೆಮನೆಗೂ ಪಡಸಾಲೆಗೂ ನಡುವೆ ಸೂರು ಮುಟ್ಟದ ಗಿಡ್ಡ ಗೋಡೆ. ಕೊಟ್ರಮ್ಮ ಅಕ್ಕಿ ಡಬ್ಬದ ಮೇಲೆ ಹತ್ತಿ ಕೂತು ಪೆರಿಸ್ಕೋಪ್ ಎತ್ತಿದಳು.

ಸಂಬಂಧ ತಂದ ಜುಂಜಪ್ಪ ಗಂಡಿನ ವಯಸ್ಸು ಇಪ್ಪತ್ತೆಂಟು ಎಂದಿದ್ದ. ಉಪ್ಪಿಟ್ಟು ತಿಂದಾದ ಮೇಲೆ ಆ ಗಂಡು ಮೆಲ್ಲಗೆ ಗೋಡೆಯ ಕಡೆ ತಿರುಗಿದ. ಗೋಡೆಗೇನು ಕಣ್ಣಿದೆಯೇ ಎಂದುಕೊಂಡಿರಬೇಕು. ಮೇಲಿನ ಹಲ್ಲಿನ ಸೆಟ್ಟು ತೆಗೆದು, ಪಂಚೆಯ ತುದಿಯಿಂದ ಒರೆಸಿ, ಮತ್ತೆ ಬಾಯಿಗೆ ಹಾಕಿಕೊಂಡ!

ಇಲ್ಲೇ ನನ್ನ ಪಾಠ ಕೈಕೊಟ್ಟಿದ್ದು. ಕನ್ನಡಿಯಲ್ಲಿ ನಮಗೆ ಯಾರ ಕಣ್ಣು ಕಾಣುತ್ತದೋ ಅವರಿಗೂ ಅದೇ ದಾರಿಯಲ್ಲಿ ನಮ್ಮ ಕಣ್ಣು ಕಾಣುತ್ತದೆ. ಅದನ್ನು ಸೋಮವಾರ ಹೇಳೋಣವೆಂದು ಉಳಿಸಿಕೊಂಡಿದ್ದೆ. ಹಿತ್ತಿಲ ಬಾಗಿಲಿನ ಬಿಸಿಲು ಹುಡುಗಿಯ ಮುಖಕ್ಕೇ ಬಿದ್ದಿತ್ತು. ಗಂಡಿನ ಸೋದರಮಾವ ಷಣ್ಮುಖಪ್ಪ ತಲೆ ಎತ್ತಿದರೆ ಗೋಡೆಯ ಮೇಲೊಂದು ಡಬ್ಬಿ, ಡಬ್ಬಿಯೊಳಗೆ ಪಿಳಿಪಿಳಿ ಎನ್ನುವ ಒಂದೇ ಒಂದು ಕಣ್ಣು. “ಅಯ್ಯಯ್ಯಪ್ಪೋ, ಗ್ವಾಡೆ ಮ್ಯಾಲೆ ಕಣ್ಣೈತೆ!” ಎಂದು ಉಪ್ಪಿಟ್ಟಿನ ತಟ್ಟೆ ಸಮೇತ ಬೀದಿಗೆ ಓಡಿದರಂತೆ. ಗಾಬರಿಗೆ ಕೊಟ್ರಮ್ಮನ ಕೈಯಿಂದ ಡಬ್ಬಿ ಜಾರಿ ಪಡಸಾಲೆಗೆ ಬಿತ್ತು. ಅದರ ಮೇಲೆ ಕೆಂಪು ಶಾಯಿಯಲ್ಲಿ ನನ್ನದೇ ಅಕ್ಷರ: ‘ಬಹಳ ಚೆನ್ನಾಗಿದೆ, ಹತ್ತಕ್ಕೆ ಒಂಬತ್ತು, ಮುರುಗೇಶಪ್ಪ.’

ಹತ್ತು ನಿಮಿಷದಲ್ಲಿ ನನಗೆ ಬುಲಾವು ಬಂತು.

“ಏನ್ರೀ ಮೇಷ್ಟ್ರೇ, ಗಂಡಸರನ್ನ ಕದ್ದು ನೋಡಾಕೆ ಕಲಿಸ್ತೀರೇನ್ರೀ ನಮ್ಮ ಹುಡುಗೀಗೆ?” ಎಂದು ಜಯದೇವಪ್ಪ ಮೈಮೇಲೇ ಬಂದ.

“ಬೆಳಕಿನ ಪ್ರತಿಫಲನ ಕಲಿಸಿದ್ದು ಕಣ್ರೀ” ಎಂದೆ. ನನ್ನ ದನಿ ನನಗೇ ಕೇಳಲಿಲ್ಲ.

“ತಪ್ಪಾತು ಅಂತ ಬರಕೊಡ್ರಿ, ಹುಡುಗಿ ಹಿರಿಯರ ಕಾಲಿಗೆ ಬೀಳಲಿ, ಇವತ್ತೇ ಮಾತು ಮುಗಿಸಾನ” ಎಂದ ಜುಂಜಪ್ಪ. ಸುಳ್ಳು ಹೇಳುವುದಿಲ್ಲ ನಿರ್ಮಲಾ, ನಾನು ಪೆನ್ನು ತೆಗೆದೆ. ಮುಚ್ಚಳವನ್ನೂ ಬಿಚ್ಚಿದೆ.

ಅಷ್ಟರಲ್ಲಿ ಕೊಟ್ರಮ್ಮ ಪಡಸಾಲೆಗೆ ಬಂದಳು, ತಲೆ ಎತ್ತಿಕೊಂಡೇ. “ಸಾರ್, ಏನೂ ಬರೀಬ್ಯಾಡ್ರಿ. ಇವರು ಹಲ್ಲು ತೆಗ್ದು ಒರೆಸಿ ಹಾಕ್ಕೊಂಡಿದ್ದು ನಾನು ನೋಡೀನಿ. ನಾನು ಇವರನ್ನ ಒಲ್ಲೆ. ಪರೀಕ್ಷೆ ಬರೀತೀನಿ.”

ಅವಳ ಅಜ್ಜಿ ಉಡಚಮ್ಮ ಎದ್ದು ಹೋಗಿ, ಸಂತೆಯಲ್ಲಿ ಎತ್ತು ನೋಡುವವರ ಹಾಗೆ ಗಂಡಿನ ಮುಂದೆ ಕೂತಳು.

“ಎಲ್ಲಿ, ಬಾಯಿ ತಗಿಯಪ್ಪ ನೋಡಾನ.”

“ಊಹೂಂ.”

“ತಗಿಯೋ, ನಂಗೂ ಹಲ್ಲಿಲ್ಲ, ನಾಚಿಕೆ ಯಾಕೆ?” ಎಂದು ತನ್ನ ಬೋಳು ಬಾಯಿಯನ್ನು ಅಗಲಿಸಿ ತೋರಿಸಿದಳು. ಗಂಡು ತುಟಿ ಇನ್ನೂ ಬಿಗಿ ಮಾಡಿಕೊಂಡಿತು. ಜಯದೇವಪ್ಪ ಅವನನ್ನೇ ನೋಡಿದ, ಆಮೇಲೆ ಜುಂಜಪ್ಪನ ಕಡೆ ತಿರುಗಿ, “ಇಪ್ಪತ್ತೆಂಟು ಅಂದ್ಯಲ್ಲೋ, ವಯಸ್ಸೋ, ಉಳಿದಿರೋ ಹಲ್ಲೋ?” ಎಂದ.

ಮೂರು ಗಂಟೆಯ ಬಸ್ಸಿಗೆ ಹೊನ್ನಾಳಿಯವರು ಹೊರಟುಹೋದರು. ಜಯದೇವಪ್ಪ ಇನ್ನೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾನೆ, ಆದರೆ ಮಗಳನ್ನು ಸ್ಕೂಲಿಗೆ ಕಳಿಸುತ್ತಿದ್ದಾನೆ. ಇನ್ನು ಮುಂದೆ ಕನ್ನಡಿ ಉಪಯೋಗಿಸಲು ಲಿಖಿತ ಅನುಮತಿ ಬೇಕೆಂದು ಹೆಡ್‌ಮಾಸ್ಟರು ನನಗೆ ಮೆಮೊ ಕೊಟ್ಟಿದ್ದಾರೆ. ಮಾರಪ್ಪನ ಅಂಗಡಿಯಲ್ಲಿ ಒಡೆದ ಕನ್ನಡಿಗೆ ಹೆಣ್ಣುಮಕ್ಕಳ ಸಾಲು ನಿಂತಿದೆಯಂತೆ.

ಹೊತ್ತು ಹೊತ್ತಿಗೆ ಉಣ್ಣು, ಮೈ ಕಡೆ ನೋಡಿಕೋ. ಅವ್ವ ದಿನಾ ನಿನ್ನ ಹೆಸರು ಹೇಳುತ್ತಾಳೆ. ನಿನಗೆ ಒಳ್ಳೆಯದಾಗಲಿ ಮಗಳೇ.

ಇಂತಿ ನಿನ್ನ ಅಪ್ಪ,
ಮುರುಗೇಶಪ್ಪ

ವಿ.ಸೂ.: ಬರೆಯಬೇಕಾದ್ದನ್ನು ಬಿಟ್ಟು ಮೂರು ಹಾಳೆ ತುಂಬಿಸಿದೆ. ಅವತ್ತು ನಾನು ಹೊರಡುವಾಗ ಉಡಚಮ್ಮ ಕೇಳಿದಳು, “ನಿಮ್ಮ ಮಗಳಿಗೂ ಇಂಥಾ ಡಬ್ಬಿ ಮಾಡಿಕೊಟ್ಟಿದ್ರೇನ್ರಿ ಮೇಷ್ಟ್ರೇ?” ಚಪ್ಪಲಿ ಮೆಟ್ಟಿ ಬೀದಿಗಿಳಿದುಬಿಟ್ಟೆ. ನಿನ್ನನ್ನು ನೋಡಲು ನಿನ್ನ ಗಂಡ ಬಂದ ದಿನ ಎದುರಿಗೆ ಎರಡು ಗಂಟೆ ಕೂತವನು ನಾನು. ಬೆಳಗಿನ ಹನ್ನೊಂದಕ್ಕೇ ಅವನ ಬಾಯಿ ಹೆಂಡದ ವಾಸನೆ ಹೊಡೆಯುತ್ತಿತ್ತು. ನೀರಿನ ಲೋಟ ಹಿಡಿದ ಕೈ ನಡುಗುತ್ತಿತ್ತು. ನೀನು ಬಾಗಿಲ ಹಿಂದಿನಿಂದ “ಅಪ್ಪಾ, ಹೆಂಗದಾರೆ?” ಎಂದು ಕೇಳಿದೆ. ಮಾತು ಮುರಿದರೆ ಜನ ಏನಂದಾರೋ ಎಂದು ಹೆದರಿ, “ಚೆನ್ನಾಗಿದ್ದಾರಮ್ಮ” ಎಂದೆ. ನೀನು ನನ್ನನ್ನು ನಂಬಿದೆ. ಬಾವಿಕಟ್ಟೆಯಲ್ಲಿ ಜಾರಿ ಕೈ ಮುರಿಯಿತು ಎಂದು ಬರೆದಿದ್ದೀಯಲ್ಲ, ಅದನ್ನು ನಾನು ನಂಬಿಲ್ಲ. ಈ ಕಾಗದವನ್ನು ನಿಮ್ಮೂರ ಶಾಲೆಯ ಬೊಮ್ಮಕ್ಕ ಟೀಚರ ಕೈಯಲ್ಲಿ ಕಳಿಸುತ್ತಿದ್ದೇನೆ, ಓದಿ ಒಲೆಗೆ ಹಾಕು. ಬರುವ ಭಾನುವಾರ ಮೊದಲ ಬಸ್ಸಿಗೆ ಹೊರಟು ಬರುತ್ತೇನೆ. ಜನ ಏನು ಕೇಳಿದರೂ ನಾನು ಉತ್ತರ ಹೇಳುತ್ತೇನೆ. ನೀನು ಟ್ರಂಕು ತುಂಬಿಡು.