ಸೀಳುಗಾಳಿ ಎಂದು ಬರೆಯಲು

ಕಾರವಾರ ತೇಲೂರು, ಫೆಬ್ರವರಿ ೩೦, ೨೨೧೪

ಇಪ್ಪತ್ತೊಂದನೆಯ ಶತಮಾನದ ಹಿರಿಯರಿಗೆ ಮಂಕಾಳಿ ಹರಿಕಾಂತಳ ನಮಸ್ಕಾರಗಳು.

ನಮ್ಮ ಪಂಚಾಂಗದಲ್ಲಿ ಫೆಬ್ರವರಿಗೆ ಮೂವತ್ತು ದಿನ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ತೇಲೂರೆಂದರೆ ಸಮುದ್ರ ಏರಿದ ಮೇಲೆ ನಾವು ನೀರಿನ ಮೇಲೆ ಕಟ್ಟಿಕೊಂಡ ಊರು. ಇಲ್ಲಿ ಬಟ್ಟೆ ಒಣಗುವುದು ಹಾಯಿಹಗ್ಗದ ಮೇಲೆ, ಬಸಳೆ ಬೆಳೆಯುವುದು ಹಳೆಯ ದೋಣಿಗಳಲ್ಲಿ. ಸೀಳುಗಾಳಿಯೆಂದರೆ ಆಳಸಮುದ್ರದಲ್ಲಿ ಎರಡು ದಿಕ್ಕಿನಿಂದ ಒಮ್ಮೆಗೇ ಬೀಸಿ ದೋಣಿ ಮಗುಚುವ ಗಾಳಿ. ನಿಮ್ಮ ಕಾಲದಲ್ಲಿ ಅದಿರಲಿಲ್ಲ.

ದೋಣಿಗಳಿಗೆ ಎಚ್ಚರಿಕೆ ಬರೆದು ಕಳಿಸುವುದು ನನ್ನ ಮತ್ತು ಭಟ್ಕಳದ ರುಕ್ಸಾನಾಳ ಕೆಲಸ. ನಾವು ಬರೆಯಲು ಬಳಸುವ ಎಡಿಟರ್ ಪ್ರೋಗ್ರಾಮಿಗೆ ಹಳೆಯ ನಿಘಂಟು ಮಾತ್ರ ಗೊತ್ತು. ಕಳೆದ ಮಳೆಗಾಲದಲ್ಲಿ ರುಕ್ಸಾನಾ 'ಸೀಳುಗಾಳಿ' ಎಂದು ಬರೆದಳು. ಎಡಿಟರ್ ಅದನ್ನು ಕಾಗುಣಿತದ ತಪ್ಪೆಂದು ಬಗೆದು, ಕೇಳದೆಯೇ 'ಸುಳಿಗಾಳಿ' ಮಾಡಿ ಕಳಿಸಿತು. ಸುಳಿಗಾಳಿ ಸುತ್ತುವುದು ದಡದ ಬಳಿ. ಅದು ಬಂದರೆ ದೋಣಿಗಳು ಆಳಸಮುದ್ರಕ್ಕೆ ಹೋಗಬೇಕು. ನನ್ನ ತಮ್ಮ ದಾಮೋದರ ಅತ್ತಲೇ ಹೋದ. ಮಗುಚಿದ ದೋಣಿಯನ್ನು ಅಪ್ಪಿಕೊಂಡು ತೇಲುತ್ತಿದ್ದವನನ್ನು ಮರುದಿನ ಎತ್ತಿ ತಂದರು.

ರುಕ್ಸಾನಾ ಅವನ ಹಾಸಿಗೆಯ ಪಕ್ಕ ಕುಳಿತು ಅತ್ತಳು. "ನಾನು ಸರಿಯಾಗೇ ಬರೆದಿದ್ದೆ, ದಾಮಣ್ಣ."

"ಅಳೋದು ಬಿಡು ಮಾರಾಯ್ತಿ," ಎಂದ ಅವನು. "ಆ ಎಡಿಟರಿಗೆ ನಮ್ಮ ಮಾತು ಕಲಿಸು."

ಎಡಿಟರಿನ ನಿಘಂಟಿಗೆ ಬೀಗ ಹಾಕಿತ್ತು. ಆದರೆ ಅದು ಕೊಡುವ ಪದಗಳ ಸಲಹೆಗಳನ್ನು ಹೊರಗಿನ ಪ್ರೋಗ್ರಾಮಿಗೆ ಕಳಿಸಬಹುದಿತ್ತು. ಹುಡುಕುತ್ತ ಹೋದ ರುಕ್ಸಾನಾಗೆ ನಿಮ್ಮ ಕಾಲದ ಪುಟ್ಟ ಮೆನು ಪ್ರೋಗ್ರಾಂ ಒಂದು ಸಿಕ್ಕಿತು. ಕೊಟ್ಟ ಪದಗಳನ್ನು ತೋರಿಸುವುದು, ನಾವು ಆರಿಸಿದ್ದನ್ನು ಹಿಂದಿರುಗಿಸುವುದು, ಅಷ್ಟೇ ಅದರ ಕೆಲಸ. ಯಾರು ಬೇಕಾದರೂ ಬಿಚ್ಚಿ, ಬದಲಿಸಿ ಬಳಸಲೆಂದು ಅದನ್ನು ಬರೆದವರು ತೆರೆದೇ ಬಿಟ್ಟುಹೋಗಿದ್ದರು. ಅವಳು ಎಡಿಟರ್ ತಾನಾಗಿ ತಿದ್ದುವುದನ್ನು ನಿಲ್ಲಿಸಿ, ಸಲಹೆಗಳನ್ನು ಆ ಮೆನುವಿಗೆ ಜೋಡಿಸಿದಳು. ದೋಣಿಯವರನ್ನು ಕೇಳಿ ಕೇಳಿ ಅವರ ಮಾತುಗಳನ್ನೂ ಅದರಲ್ಲಿ ಸೇರಿಸಿದಳು. ಈಗ ನಾವು ಆರಿಸುವ ತನಕ ಒಂದಕ್ಷರವೂ ಬದಲಾಗುವುದಿಲ್ಲ.

ಮೊನ್ನೆ ಮತ್ತೆ ಸೀಳುಗಾಳಿ ಎದ್ದಿತು. ಮೆನು ತೆರೆಯಿತು, ರುಕ್ಸಾನಾ ಆ ಪದವನ್ನೇ ಆರಿಸಿದಳು, ಎಚ್ಚರಿಕೆ ಹೋಯಿತು. ಸಂಜೆಯೊಳಗೆ ದೋಣಿಗಳೆಲ್ಲ ದಡದಲ್ಲಿದ್ದವು. ದಾಮೋದರ ತೊಯ್ದ ಬಟ್ಟೆಯಲ್ಲೇ ನಮ್ಮ ಕಚೇರಿಗೆ ಬಂದು, "ಚಾ ಉಂಟಾ?" ಎಂದ. ರುಕ್ಸಾನಾ ಎದ್ದು ಚಾಕ್ಕೆ ನೀರಿಟ್ಟಳು.

ಹೊನ್ನಾವರದವರೂ ಮೆನುವಿಗೆ ಸೇರಿಸಲು ತಮ್ಮ ಮಾತುಗಳನ್ನು ಹೊತ್ತು ಮುಂದಿನ ವಾರ ಬರುತ್ತಾರಂತೆ. ನಿಮ್ಮಲ್ಲಿ ನನ್ನದೊಂದೇ ಬೇಡಿಕೆ: ನೀವು ಬರೆಯುವ ಪ್ರತಿ ಪ್ರೋಗ್ರಾಮಿಗೂ ಒಂದು ಬಾಗಿಲು ತೆರೆದಿಡಿ. ಇನ್ನೂ ಹುಟ್ಟದ ಯಾರೋ ಅದನ್ನು ಹುಡುಕಿಕೊಂಡು ಬರುತ್ತಾರೆ.